ಗಳಿಗೆ ಮುರಿದ ಸರೋಂಗುಗಳು

ನನ್ನ ಕಪಾಟಿನಲ್ಲಿ ಲುಂಗಿಯಂತೆ ಸುತ್ತಿ ಉಡುವ ಮಲೇಷ್ಯಾದ ಬಾಟಿಕ್ ಸರೋಂಗುಗಳು ಒಟ್ಟು ಮೂವತ್ತೊಂದಿವೆ. ಅಬುಧಾಬಿಯ ಖಾಲಿದಿಯಾದ ಈ ಫ್ಲ್ಯಾಟಿಗೆ ಬಂದವರು ಅವನ್ನು ನೋಡಿದರೆ "ಎಂಥಾ ಚಂದದ ಹವ್ಯಾಸ ನಿಮ್ಮದು" ಅನ್ನುತ್ತಾರೆ. ನಾನೂ ಬೀಗುತ್ತ ಒಂದೊಂದನ್ನೇ ಮಂಚದ ಮೇಲೆ ಹಾಸಿ ಪಾಠ ಶುರುಮಾಡುತ್ತೇನೆ. ಮೇಣದ ಅಚ್ಚೊತ್ತಿ ಬಣ್ಣದಲ್ಲಿ ಅದ್ದಿದ್ದಾದರೆ ಬಟ್ಟೆಯ ಎರಡೂ ಮಗ್ಗುಲಿಗೆ ಚಿತ್ತಾರ ಒಂದೇ ಸಮ ಇರುತ್ತದೆ, ಯಂತ್ರದಲ್ಲಿ ಛಾಪಿಸಿದ್ದಾದರೆ ಹಿಂಬದಿ ಪೇಲವ. ಮೇಣ ಸಣ್ಣಗೆ ಬಿರುಕುಬಿಟ್ಟಲ್ಲಿ ಬಣ್ಣ ನುಸುಳಿ ಕೂದಲೆಳೆಯಂಥ ಗೆರೆಗಳು ಮೂಡಿದ್ದರೆ ಅದು ಅಸಲಿ. ಸರೋಂಗಿಗೆ ಸೆರಗಿರುವುದಿಲ್ಲ, ಅದರ ಬದಲಿಗೆ ನಡುವೆ ಒಂದು ಮೊಳದಗಲದ ಪಟ್ಟಿ ಇರುತ್ತದೆ, ಅಲ್ಲಿ ಮಾತ್ರ ಚಿತ್ತಾರ ಬೇರೆ. ಮಲೇಷ್ಯಾದವರು ಅದಕ್ಕೆ ತಲೆ ಅನ್ನುತ್ತಾರೆ.

ನಾನು ಇಳಕಲ್ಲ ಕಡೆಯವಳು, ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವಳು. ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಸೊಕ್ಕು ಹುಟ್ಟಿನಿಂದಲೇ ಬಂದದ್ದು. ಆ ಸೊಕ್ಕಿನಿಂದ ನಾನೇನು ಮಾಡಿದೆ ಅನ್ನುವುದನ್ನು ಮಾತ್ರ ಬಂದವರಿಗೆ ಹೇಳುವುದಿಲ್ಲ. ಇದು ಹವ್ಯಾಸವಾಗಿ ಶುರುವಾದದ್ದೇ ಅಲ್ಲ. ಎರಡೂವರೆ ವರ್ಷದ ಒಂದು ಮಗುವಿಗೆ ಮೋಸಮಾಡಲು ಹೋಗಿ ಶುರುವಾದದ್ದು.

ಮದುವೆಯಾಗಿ ಬಂದ ಹೊಸದರಲ್ಲಿ ನಾವಿದ್ದದ್ದು ದುಬೈನ ದೇರಾದಲ್ಲಿ. ಒಂದು ಫ್ಲ್ಯಾಟಿನಲ್ಲಿ ಎರಡು ಸಂಸಾರ, ಒಂದೇ ಅಡುಗೆಮನೆ. ಗಂಡ ಏಸಿ ಕಂಪನಿಯಲ್ಲಿ ಎಂಜಿನಿಯರ್, ನಾನು ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಗಳಿಗೆ ಎಂಟು ತಿಂಗಳಾದಾಗ ನನ್ನ ರಜೆ ಮುಗಿಯಿತು. ಮಗುವನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಕಾರಿಡಾರಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ದಿನ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು.

"ನೀನೆಂಥ ಹೆದರುವುದು ಮಾರಾಯ್ತಿ? ಮಗುವನ್ನು ಇಲ್ಲಿ ಬಿಟ್ಟು ಹೋಗು. ನನಗೂ ಹೊತ್ತು ಹೋಗ್ಬೇಕಲ್ಲ."

ಅವಳು ಮಂಗಳೂರು ಕಡೆಯ ಬ್ಯಾರಿ ಹೆಂಗಸು. ಐವತ್ತರ ಆಸುಪಾಸು. ಗಂಡನದು ಸಂತೆಯಲ್ಲಿ ಮಸಾಲೆ ಸಾಮಾನಿನ ಅಂಗಡಿ, ಒಬ್ಬನೇ ಮಗ ಬೆಳೆದು ರಾಸ್ ಅಲ್ ಖೋರ್‌ನಲ್ಲಿ ಕಾರಿನ ಬಿಡಿಭಾಗಗಳ ವ್ಯಾಪಾರಕ್ಕೆ ಇಳಿದಿದ್ದ. ನಾನು ಅವಳನ್ನು ಅಕ್ಕಾ ಅಂದೆ, ಎರಡನೇ ದಿನಕ್ಕೇ ಏಕವಚನಕ್ಕೆ ಇಳಿದೆ. ಮನೆಯಲ್ಲಿ ಅಕ್ಕ ಉಡುತ್ತಿದ್ದದ್ದು ಮಲೇಷ್ಯಾದ ಸರೋಂಗು ಮಾತ್ರ. ಅವಳ ಮೈದುನನ ಹೋಟೆಲು ಪೆನಾಂಗಿನಲ್ಲಿತ್ತು, ಅವನು ಕಳಿಸುತ್ತಿದ್ದ. "ಮದ್ವೆಗೆ ಸೀರೆ, ಬಾಕಿ ಎಲ್ಲದಕ್ಕೂ ಇದೇ ಸೈ" ಅನ್ನುತ್ತ ಸೊಂಟದಲ್ಲಿ ಒಮ್ಮೆ ಬಿಗಿದು ಸಿಕ್ಕಿಸಿದಳೆಂದರೆ ಸಂಜೆಯವರೆಗೂ ಅದು ಜಗ್ಗುತ್ತಿರಲಿಲ್ಲ.

ಅವಳ ಮಲಗುವ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಇತ್ತು. ಅದಕ್ಕೊಂದು ಸ್ಪ್ರಿಂಗು ತೂಗುಬಿಟ್ಟು, ಸ್ಪ್ರಿಂಗಿಗೆ ಒಂದು ಕಂದು ಬಣ್ಣದ ಸರೋಂಗು ಕಟ್ಟಿ, ಅದರೊಳಗೆ ನನ್ನ ಮಗಳನ್ನು ಹಾಕುತ್ತಿದ್ದಳು. ತಾನು ಕೆಳಗೆ ಕೂತು ಬೀನ್ಸು ಸೋಸುತ್ತ ಕಾಲಿನಿಂದ ಮೆಲ್ಲಗೆ ಆ ತೊಟ್ಟಿಲನ್ನು ಮೀಟುತ್ತಿದ್ದಳು. ಬಟ್ಟೆಯ ತಲೆಯಲ್ಲಿ ನೀಲಿ ತ್ರಿಕೋನಗಳ ಸಾಲು. ಅವು ಬಿದಿರಿನ ಮೊಳಕೆಗಳು ಅನ್ನುತ್ತಿದ್ದಳು ಅಕ್ಕ. ನನ್ನ ಕಣ್ಣಿಗೆ ನಮ್ಮ ಸೀರೆ ಸೆರಗಿನ ಜೋಳದ ತೆನೆಗಳು. ಇಬ್ಬರೂ ಸೋಲದೆ ವಾದ ಮಾಡುತ್ತಿದ್ದೆವು.

ಆ ವರ್ಷ ಪಂಚಮಿಗೆ ಅವ್ವ ಊರಿಂದ ಒಂದು ಇಳಕಲ್ಲ ಸೀರೆ ಕಳಿಸಿದ್ದಳು. ನಮ್ಮ ಕಡೆ ಹೊಸ ಸೀರೆಯ ಮಡಿಕೆಗೆ ಗಳಿಗೆ ಅನ್ನುತ್ತಾರೆ. ಅದನ್ನು ಮೊದಲ ಸಲ ಬಿಚ್ಚಿ ಉಡುವುದೇ ಗಳಿಗೆ ಮುರಿಯುವುದು. ನಮಗೆ ಬೇಕಾದವರು, ಒಳ್ಳೆಯ ಕೈಗುಣದವರು ಯಾರಾದರೂ ಇದ್ದರೆ ನಮ್ಮ ಸೀರೆಯನ್ನು ಮೊದಲು ಅವರಿಗೆ ಉಡಿಸಿ, ಆಮೇಲೆ ನಾವು ಉಡುತ್ತೇವೆ. ನಾನು ಸೀರೆ ಹಿಡಿದು ಎದುರುಮನೆಗೆ ಹೋದೆ.

"ಅಕ್ಕಾ, ಇದರ ಗಳಿಗಿ ನೀನ ಮುರಿಬೇಕು. ನಮ್ಮೂರಾಗ ಪ್ರೀತಿ ಇದ್ದವ್ರ ಕಡೆ ಮುರಿಸ್ತೀವಿ."

"ನಿನ್ನ ಹೊಸ ಸೀರೆಯನ್ನು ನಾನು ಮೊದ್ಲು ಉಡುವುದಾ? ಮತ್ತೆ ನೀನು ಉಡ್ತಿಯಾ ಅದನ್ನು?"

"ಮತ್ತ? ನೀ ಉಟ್ಟಿದ್ದ ಅಂತನ ಉಡ್ತೀನಿ."

ಅಕ್ಕ ಸರೋಂಗಿನ ಮೇಲೆಯೇ ಸೀರೆ ಸುತ್ತಿಕೊಂಡು, ಕನ್ನಡಿಯ ಮುಂದೆ ನಿಂತು, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ನಗು ನಿಲ್ಲಿಸಿ ಸೆರಗನ್ನು ಸವರಿ, "ಒಳ್ಳೆ ಕ್ರಮ ನಿಮ್ಮದು" ಅಂದಳು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮಗಳ ಬಾಯಿಂದ ಬಂದ ಮೊದಲ ಮಾತು "ಉಮ್ಮ". ಅಕ್ಕನ ಮಗ ತಾಯಿಯನ್ನು ಕರೆಯುತ್ತಿದ್ದದ್ದು ಹಾಗೆ, ಇವಳೂ ಕಲಿತಳು. ಅಕ್ಕನಿಗೆ ಮುಜುಗರವಾಗಿ, "ಅಲ್ಲ ಮಗು, ಅಮ್ಮ ಅದಾ, ಅಲ್ಲಿ ನೋಡು" ಎಂದು ನನ್ನತ್ತ ಕೈ ತೋರಿಸುತ್ತಿದ್ದಳು. ಮಗಳು ನನ್ನನ್ನು ನೋಡಿ, ತಿರುಗಿ ಅವಳ ಸರೋಂಗಿನ ಮಡಿಕೆಯಲ್ಲಿ ಮುಖ ಹುದುಗಿಸುತ್ತಿದ್ದಳು. ಸಂಜೆ ಎತ್ತಿಕೊಂಡು ಬಂದರೆ ಅವಳ ನೆತ್ತಿಯಲ್ಲಿ ಕೊಬ್ಬರಿ ಎಣ್ಣೆ, ಹುರಿದ ಮೀನು, ಸಾಂಬ್ರಾಣಿ ಎಲ್ಲ ಸೇರಿದ ವಾಸನೆ. ನನ್ನ ಅಡುಗೆಮನೆಯಲ್ಲಿ ಯಾವತ್ತೂ ಇಲ್ಲದ ವಾಸನೆ. ನಾನು ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದೆ, ಮುಖದಲ್ಲಿ ಮಾತ್ರ ನಗು ಇಟ್ಟುಕೊಂಡಿದ್ದೆ. ಉಪಕಾರ ತೆಗೆದುಕೊಂಡವರಿಗೆ ಸಿಟ್ಟು ಮಾಡುವ ಹಕ್ಕಿಲ್ಲವಲ್ಲ.

ಮಗಳಿಗೆ ಎರಡೂವರೆ ತುಂಬಿದಾಗ ಗಂಡನಿಗೆ ಅಬುಧಾಬಿಗೆ ವರ್ಗವಾಯಿತು. ಎಲ್ಲರ ಮುಂದೆ ಅತ್ತೆ. ಒಳಗೆ ಹಾಲು ಕುಡಿದಷ್ಟು ಸಂತೋಷ.

ಹೊರಡುವ ದಿನ ಅಕ್ಕ ತೊಟ್ಟಿಲಿನ ಆ ಕಂದು ಸರೋಂಗನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಇದು ಬೇಕು ಅವಳಿಗೆ ನಿದ್ದೆಗೆ. ಒಗೀಬೇಡ ಆಯ್ತಾ, ಸ್ವಲ್ಪ ದಿನ" ಅಂದಳು. ಮಗಳಿಗೆ ಮುತ್ತು ಕೊಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಟ್ಟಿದ್ದರೆ ಮಗು ಬಿಟ್ಟು ಬರುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಖಾಲಿದಿಯಾಕ್ಕೆ ಬಂದ ಮೇಲೆ ಮೂರು ತಿಂಗಳು ನನಗೆ ಕೆಲಸವಿರಲಿಲ್ಲ. ಮಗಳು ಈಗ ಪೂರ್ತಿ ನನ್ನವಳು ಅಂದುಕೊಂಡೆ. ಅವಳೋ ಪೂರ್ತಿ ಆ ಬಟ್ಟೆಯವಳಾಗಿದ್ದಳು. ಮಧ್ಯಾಹ್ನ ಅದರ ಚುಂಗನ್ನು ಮೂಗಿಗೆ ಒತ್ತಿಕೊಂಡು, ನನ್ನ ಕಡೆ ಬೆನ್ನು ಮಾಡಿ ಮಲಗುತ್ತಿದ್ದಳು. ಎಂಟು ದಿನ ನೋಡಿದೆ. ಒಂಬತ್ತನೇ ದಿನ ಅವಳು ಆಟವಾಡುತ್ತಿದ್ದಾಗ ಅದನ್ನು ಎತ್ತಿ ಮಷೀನಿಗೆ ಹಾಕಿ, ಕುದಿನೀರಿಗೆ ಗುಂಡಿ ತಿರುಗಿಸಿ, ಲ್ಯಾಬಿನಲ್ಲಿ ಬಳಸುವಂಥ ಘಾಟು ಔಷಧಿಯನ್ನು ಎರಡು ಮುಚ್ಚಳ ಸುರಿದೆ. ಗಂಡನಿಗೆ ಕೊಳೆಯಾಗಿತ್ತು ಅಂತ ಹೇಳಿದೆ. ಕೊಳೆಯಾಗಿರಲಿಲ್ಲ. ನಾನು ತೊಳೆಯಲು ಹೊರಟದ್ದು ಅಕ್ಕನನ್ನು.

ಒಣಗಿದ ಬಟ್ಟೆಯನ್ನು ಮಗಳು ಎಂದಿನಂತೆ ಮೂಗಿಗೆ ಹಿಡಿದಳು. ತಿರುಗಿಸಿ ಇನ್ನೊಂದು ಚುಂಗು ಹಿಡಿದಳು. ನಾಲ್ಕೂ ಚುಂಗು ನೋಡಿ ಮುಗಿದ ಮೇಲೆ ನನ್ನ ಕೈಗೆ ವಾಪಸು ಕೊಟ್ಟು, "ಇದಲ್ಲ" ಅಂದಳು. ಅಳಲಿಲ್ಲ. ನಾನೇ ತಪ್ಪು ಬಟ್ಟೆ ಕೊಟ್ಟಿದ್ದೇನೆ, ಒಳಗೆ ಹೋಗಿ ಸರಿಯಾದದ್ದು ತರುತ್ತೇನೆ ಅಂತ ಕಾಯುತ್ತ ಕೂತಳು.

ಆಮೇಲೆ ಶುರುವಾಯಿತು ನನ್ನ ಸರೋಂಗು ಸಂಗ್ರಹ. ಮಲೇಷ್ಯಾದ ಬಾಟಿಕ್ ಸಿಗುತ್ತಿದ್ದದ್ದು ದೇರಾದ ಒಂದು ಸಗಟು ಅಂಗಡಿಯಲ್ಲಿ, ಅಕ್ಕನ ಮನೆಯಿಂದ ಎರಡೇ ಗಲ್ಲಿ ಆಚೆ. ಮಗಳನ್ನು ಗಂಡನ ಬಳಿ ಬಿಟ್ಟು, ಬಸ್ಸಿನಲ್ಲಿ ಅಲ್ಲಿಯವರೆಗೆ ಹೋಗಿ, ಕಂದು ಬಣ್ಣದ್ದೊಂದು ಆರಿಸಿಕೊಂಡು, ಅಕ್ಕನ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿಕೊಂಡು ಬಂದೆ. "ಇದಲ್ಲ." ಮತ್ತೆ ಹೋದೆ. ನೀಲಿ ತ್ರಿಕೋನಗಳದ್ದೇ ಹುಡುಕಿ ತಂದೆ, ಕೊಬ್ಬರಿ ಎಣ್ಣೆ ಹಚ್ಚಿದ ಕೈಯಿಂದ ಸವರಿ ಕೊಟ್ಟೆ. "ಇದಲ್ಲ." ಎರಡು ಹೆಜ್ಜೆ ಮುಂದೆ ಹೋಗಿ ಒಂದು ಬಾಗಿಲು ತಟ್ಟಿದ್ದರೆ ಆಗಿಹೋಗುತ್ತಿತ್ತು. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿದೆ.

ಮಧ್ಯಾಹ್ನವಾದರೆ ಮಗಳು ಚಪ್ಪಲಿಯನ್ನು ಎಡಬಲ ತಪ್ಪಿಸಿ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದಳು. "ಯಲ್ಲಾ, ಉಮ್ಮ" ಅನ್ನುತ್ತಿದ್ದಳು. ಯಲ್ಲಾ ಅನ್ನುವುದನ್ನು ಅಕ್ಕನ ಗಂಡನಿಂದ ಕಲಿತದ್ದು. ಹೋಗೋಣ ನಡಿ ಅಂತ. ಅಂಥ ಒಂದು ಮಧ್ಯಾಹ್ನವೇ ಅಕ್ಕನ ಫೋನು ಬಂತು.

"ಮಗು ಹೇಗುಂಟು? ಕೇಳ್ತದಾ ನನ್ನನ್ನು?"

ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು. ನಾನು ಫೋನನ್ನು ಅಡುಗೆಮನೆಗೆ ಒಯ್ದೆ.

"ಇಲ್ಲರೀ ಅಕ್ಕಾ. ಪೂರಾ ಮರ್ತುಬಿಟ್ಟಾಳ. ಚಲೋ ನಿದ್ದಿ ಮಾಡ್ತಾಳ. ನೀವು ಚಿಂತಿ ಮಾಡಬ್ಯಾಡ್ರಿ."

ಅವಳಿಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು. "ಒಳ್ಳೇದಾಯ್ತು. ಮರೀಬೇಕು. ನಾನು ಹಬ್ಬಕ್ಕೆ ಒಮ್ಮೆ ನೋಡ್ಲಿಕ್ಕೆ ಬರ್ಲಾ ಅಂತ ಇದ್ದೆ, ಬೇಡ ಅಲ್ವಾ? ಮತ್ತೆ ನೆನಪಾದ್ರೆ ಮಗುವಿಗೇ ಕಷ್ಟ" ಅಂದಳು. ಹೌದು ಅಂದೆ. ಅಷ್ಟೇ. ಖಲಾಸ್. ಮಕ್ಕಳು ಬೇಗ ಮರೆಯುತ್ತವೆ ಅನ್ನುತ್ತಾರೆ. ನನ್ನ ಮಗಳು ಮರೆಯಲಿಲ್ಲ, ಕೇಳಿ ಕೇಳಿ ದಣಿದಳು. ನಾಲ್ಕನೇ ಸರೋಂಗು ತಂದಾಗ "ಇದಲ್ಲ" ಅನ್ನುವುದನ್ನೂ ಬಿಟ್ಟು ಸುಮ್ಮನೆ ಅದರ ಮೇಲೆ ಮಲಗಿದಳು. ನಾನು ಗೆದ್ದೆ ಅಂದುಕೊಂಡೆ.

ಮುಂದಿನ ರಂಜಾನ್ ಹಬ್ಬದ ವಾರ ನಮ್ಮ ಕಟ್ಟಡದ ಕಾವಲುಗಾರ, ಇಲ್ಲಿಯವರು ನಾತೂರ್ ಅನ್ನುವವನು, ಒಂದು ಪೊಟ್ಟಣ ತಂದುಕೊಟ್ಟ. ಅಕ್ಕನ ಮಗ ಸಾಮಾನು ತಲುಪಿಸಲು ಅಬುಧಾಬಿಗೆ ಬಂದಾಗ ಕೆಳಗೆ ಕೊಟ್ಟುಹೋಗಿದ್ದನಂತೆ. ಮೇಲೆ ಬಾ ಅಂತ ನಾನು ಯಾವತ್ತೂ ಕರೆದಿರಲಿಲ್ಲ. ಬಿಚ್ಚಿದರೆ ಒಂದು ಸರೋಂಗು, ಬದನೆಕಾಯಿ ಬಣ್ಣದ್ದು, ಸಣ್ಣ ಬಿಳಿ ಹೂಗಳು. ಕಣ್ಣು ತಣಿಯುವಂಥ ಬಟ್ಟೆ. ಆದರೆ ಹೊಸ ಮಡಿಕೆಯಲ್ಲ. ಸೊಂಟದ ಬಳಿ ಮುದುಡಿದ ಗುರುತು. ಉಟ್ಟು ಬಿಟ್ಟದ್ದು!

ನನಗೆ ಉರಿದುಹೋಯಿತು. ನಮ್ಮಲ್ಲಿ ಉಟ್ಟ ಬಟ್ಟೆಯನ್ನು ಕೊಡುವುದು ಆಳುಕಾಳಿಗೆ. ಬೀಗರಿಗೆ, ಬಂಧುಗಳಿಗೆ ಆಯಾರು ಅಂತ ಉಡುಗೊರೆ ಬಟ್ಟೆ ಕೊಟ್ಟರೆ ಅದರ ಮಡಿಕೆ ಕತ್ತಿಯ ಅಲಗಿನಂತಿರಬೇಕು, ಅದು ಎಷ್ಟೇ ಅಗ್ಗದ್ದಾಗಿರಲಿ. ಗಂಡ, "ಪ್ರೀತಿಲೆ ಕಳಿಸ್ಯಾರ, ಇರ್ಲಿ ಬಿಡು" ಅಂದ.

"ಪ್ರೀತಿ ಇದ್ದವ್ರು ಉಟ್ಟು ಬಿಟ್ಟಿದ್ದು ಕಳಸ್ತಾರೇನು? ನಮ್ಮನ್ನ ಏನಂತ ತಿಳದಾರ?"

ಮಷೀನು, ಕುದಿನೀರು, ಎರಡು ಮುಚ್ಚಳ. ಮರುವರ್ಷ ಇನ್ನೊಂದು ಬಂತು, ಅದೂ ಉಟ್ಟದ್ದೇ. ಅದರ ಮರುವರ್ಷ ಇನ್ನೊಂದು. ಪ್ರತಿಸಲ ಒಗೆದು, ಇಸ್ತ್ರಿ ಮಾಡಿ ಒಳಗಿಟ್ಟೆ. "ತಲುಪಿತು, ಥ್ಯಾಂಕ್ಸ್" ಎಂದು ಒಂದು ಮೆಸೇಜು. ಹದಿನೈದು ವರ್ಷ, ಹದಿನೈದು ಸರೋಂಗು.

ಈಗ ಅನ್ನಿಸುವುದೇನೆಂದರೆ, ಕೊಟ್ಟವಳ ಮೇಲೆ ಮುನಿಸಿದ್ದರೂ ಬಟ್ಟೆಯ ಮೇಲೆ ಮುನಿಯಲು ನನ್ನಿಂದಾಗಲಿಲ್ಲ. ನೇಕಾರರ ಓಣಿಯವಳ ಕೈ ಅದು. ಏಳು ವರ್ಷ ಕಪಾಟಿನಲ್ಲಿದ್ದ ಮೇಲೆ ಒಂದು ದಿನ ಬದನೆಕಾಯಿ ಬಣ್ಣದ್ದನ್ನು ತೆಗೆದು ಉಟ್ಟೆ, ತಲೆ ತೊಳೆದುಕೊಂಡು ಬಾಲ್ಕನಿಯಲ್ಲಿ ಕೂತೆ. ಮೈಗೆ ಅಂಟದೆ, ಜಾರದೆ, ತಂಪಾಗಿ. ಅಂದಿನಿಂದ ಸರೋಂಗಿಲ್ಲದೆ ರಜಾದಿನವೇ ಇಲ್ಲ. ಊರಿಗೆ ಹೋಗುವ ಮಲೇಷ್ಯಾದ ಸಹೋದ್ಯೋಗಿಗಳಿಗೆ ಹೇಳಿ ತರಿಸಿದೆ, ಮೇಳಗಳ ಮಳಿಗೆಗಳಲ್ಲಿ ಜಗ್ಗಾಡಿ ಕೊಂಡೆ. ನನ್ನ ದುಡ್ಡಿನವು ಒಟ್ಟು ಹದಿನಾಲ್ಕು. ಆದರೂ ಚಂದದವು ಅಕ್ಕನವೇ. ಗಿಣಿಹಸಿರಿಗೆ ಕಪ್ಪು ತಲೆಯದ್ದು, ದಾಸವಾಳದ್ದು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಬಿಳಿ ನೆಲದ ಬಟ್ಟೆ. ಅದರ ಅಂಚಿನಲ್ಲಿ ಹೆಬ್ಬೆರಳಗಲದ ಅರಿಸಿನದ ಕಲೆ ಇತ್ತು, ಅಡುಗೆ ಮಾಡುವಾಗ ಕೈ ಒರೆಸಿಕೊಂಡದ್ದು. ಕುದಿನೀರಿಗೂ ಅದು ಹೋಗಲಿಲ್ಲ. ಎಷ್ಟು ಬೈದಿದ್ದೆ ಆ ಕಲೆಗೆ!

ಈ ವರ್ಷ ಹಬ್ಬ ಕಳೆದರೂ ಪೊಟ್ಟಣ ಬರಲಿಲ್ಲ. ನಿಜ ಹೇಳಬೇಕೆಂದರೆ ನಾನು ಗಾಬರಿಯಾಗಲಿಲ್ಲ, ಬೇಸರಪಟ್ಟೆ, ಅಷ್ಟೇ. ಒಂದೂವರೆ ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಗುರುತಿಲ್ಲದ ಹೆಂಗಸು, ಕೈಯಲ್ಲೊಂದು ಚೀಲ.

"ಮೊದ್ಲು ದೇರಾದಲ್ಲಿ ಎದುರು ಮನೆಯಲ್ಲಿ ಇದ್ದವರು ನೀವೇ ಅಲ್ವಾ? ನಾನು ಅವರ ಸೊಸೆ. ಇವರು ಕೆಳಗೆ ಇದ್ದಾರೆ, ಪಾರ್ಕಿಂಗ್ ಇಲ್ಲ." ಒಳಗೆ ಬಂದು ಕೂತು, ನೀರು ಕುಡಿದು, ಮೆಲ್ಲಗೆ ಹೇಳಿದಳು. "ಅತ್ತೆ ತೀರಿಹೋಗಿ ನಲವತ್ತು ದಿನ ಆಯ್ತು. ರಂಜಾನಿನ ಮೊದ್ಲೇ ಹಾಸಿಗೆ ಹಿಡಿದಿದ್ರು."

ಚೀಲದಿಂದ ಒಂದು ಸರೋಂಗು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕಂದು ನೆಲ, ನೀಲಿ ತ್ರಿಕೋನಗಳು. ಪ್ಲಾಸ್ಟಿಕ್ ಕವರು ಹರಿದಿರಲಿಲ್ಲ. ಮಡಿಕೆ ಕತ್ತಿಯ ಅಲಗಿನಂತಿತ್ತು.

"ಇದನ್ನು ಪೆನಾಂಗಿನ ಮೈದುನನತ್ರ ಹೇಳಿ ಹುಡುಕಿಸಿ ತರಿಸಿದ್ರು, ತೊಟ್ಟಿಲಿಗೆ ಕಟ್ಟಿದ ನಮೂನೆಯದ್ದೇ ಬೇಕು ಅಂತ. ಆದ್ರೆ ಇದೊಂದನ್ನು ಉಡ್ಲಿಕ್ಕೆ ಆಗ್ಲಿಲ್ಲ ಅವರಿಗೆ. ಎದ್ದು ನಿಲ್ಲುವ ಶಕ್ತಿ ಇರ್ಲಿಲ್ಲ. 'ಗಳಿಗೆ ಮುರೀದೆ ಕೊಟ್ಟೆ ಅಂತ ಬೇಜಾರು ಮಾಡ್ಬೇಡ ಅಂತ ಹೇಳು ಅವಳಲ್ಲಿ' ಅಂತ ಎರಡೆರಡು ಸಲ ಹೇಳಿದ್ರು. ನೀವು ಬೇಜಾರು ಮಾಡ್ಬಾರ್ದು."

ನನ್ನ ಕೈ ಕವರಿನ ಮೇಲೆ ಹಾಗೇ ಇತ್ತು. "ಪ್ರತಿವರ್ಷ ಉಟ್ಟು ಯಾಕ ಕಳಸ್ತಿದ್ರು?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ನಿಮ್ಮ ಊರಿನ ಕ್ರಮ ಅಲ್ವಾ ಅದು? ಪ್ರೀತಿಯವರು ಮೊದ್ಲು ಉಡ್ಬೇಕು ಅಂತ ನೀವೇ ಹೇಳಿದ್ದಂತೆ. ಹೊಸತು ಬಂದ ಕೂಡ್ಲೇ ಅತ್ತೆ ಒಂದಿಡೀ ದಿನ ಅದನ್ನು ಉಡ್ತಿದ್ರು. ಯಾರಾದ್ರೂ ಚಂದ ಉಂಟು ಅಂದ್ರೆ, 'ಇದು ನನ್ನದಲ್ಲ, ಮಗುವಿನದ್ದು' ಅಂತ ಹೇಳ್ತಿದ್ರು." ಆಮೇಲೆ ಸಂಕೋಚದಿಂದ ಕೇಳಿದಳು. "ಮಗುವಿನ ಈಗಿನ ಫೋಟೋ ಒಂದು ಕೊಡ್ತೀರಾ? ಮನೆಯಲ್ಲಿ ಇರುವುದು ಎರಡು ವರ್ಷದ್ದೇ."

ನಮ್ಮ ಕ್ರಮದಲ್ಲಿ ಕೊಡುವವರು ಗಳಿಗೆ ಮುರಿದು ಕೊಡುವುದಿಲ್ಲ. ಸೀರೆ ಯಾರದೋ ಅವರು ಬೇಕಾದವರನ್ನು ಕರೆದು ಮುರಿಸಿಕೊಳ್ಳುತ್ತಾರೆ. ಅಕ್ಕ ಅದನ್ನು ಅರ್ಧ ಕಲಿತಿದ್ದಳು. ಅರ್ಧ ಕಲಿತವಳು ಹದಿನೈದು ವರ್ಷ ತಪ್ಪದೆ ನಡೆಸಿದಳು, ಪೂರಾ ಕಲಿತ ನಾನು ಹದಿನೈದು ಸಲ ಕುದಿನೀರಿಗೆ ಹಾಕಿದೆ. ನಾನು ಒಗೆದೆ ಅಂತ, ಸುಳ್ಳು ಹೇಳಿದೆ ಅಂತ, ಮಗು ಬಾಗಿಲ ಬಳಿ ನಿಂತಿತ್ತು ಅಂತ ಆ ಹೆಣ್ಣುಮಗಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಚಹಾ ಮಾಡ್ತೀನಿ ಅಂದೆ. ಬೇಡ, ಕೆಳಗೆ ಕಾಯ್ತಾ ಇದ್ದಾರೆ ಎಂದು ಎದ್ದಳು. ಅವಳ ಫೋನಿಗೆ ಮಗಳ ಒಂದು ಫೋಟೋ ಕಳಿಸಿದೆ. ನೋಡಬೇಕಾದವಳು ಇರಲಿಲ್ಲ.

ಮಗಳಿಗೆ ಈಗ ಹತ್ತೊಂಬತ್ತು. ದುಬೈನಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ಮುಂದಿನ ವಾರಾಂತ್ಯ ಬಂದಾಗ ಎಲ್ಲ ಹೇಳಿದೆ, ಮಷೀನಿನ ಗುಂಡಿ ತಿರುಗಿಸಿದ್ದನ್ನೂ ಬಿಡದೆ. ಅವಳು ಉಣ್ಣುವುದನ್ನು ನಿಲ್ಲಿಸಿ ಕೇಳಿದಳು.

"ಯು ಟೋಲ್ಡ್ ಹರ್ ಐ ಫರ್ಗಾಟ್?"

"ಹೂಂ."

"ಬಟ್ ಐ ಹ್ಯಾಡಂಟ್."

"ಇಲ್ಲ. ನೀ ಮರ್ತಿರಲಿಲ್ಲ."

"ಈಗ ಮರ್ತೀನಿ, ಮಮ್ಮಿ. ಐ ಡೋಂಟ್ ಇವನ್ ನೋ ಹರ್ ಫೇಸ್."

ಆ ಕವರು ಹರಿಯದ ಸರೋಂಗನ್ನು ಅವಳ ಮುಂದಿಟ್ಟು, ಗಳಿಗೆ ನೀನೇ ಮುರಿ ಅಂದೆ. ಅವಳು ಮುಟ್ಟಲಿಲ್ಲ. ಇದು ಹಾಗೇ ಇರಲಿ ಅಂದಳು. ಆಮೇಲೆ ತೊಟ್ಟಿಲಿಗೆ ಕಟ್ಟುತ್ತಿದ್ದದ್ದು ಯಾವುದು ಎಂದು ಕೇಳಿದಳು.

ಕಪಾಟಿನ ತಳದಿಂದ ತೆಗೆದುಕೊಟ್ಟೆ. ಬಣ್ಣ ಮಾಸಿ, ತ್ರಿಕೋನಗಳು ಬೂದುಬಣ್ಣಕ್ಕೆ ತಿರುಗಿದ್ದವು. ಮಗಳು ಕಣ್ಣು ಮುಚ್ಚಿ ಒಂದು ಚುಂಗನ್ನು ಮೂಗಿಗೆ ಒತ್ತಿಕೊಂಡಳು, ಆಮೇಲೆ ಇನ್ನೊಂದು. ಯಾರೂ ಕಲಿಸದೆ ನಾಲ್ಕನ್ನೂ ನೋಡಿದಳು. ಒಂದಿಷ್ಟು ಕೊಬ್ಬರಿ ಎಣ್ಣೆ, ಒಂದಿಷ್ಟು ಹುರಿದ ಮೀನು ಎಲ್ಲಾದರೂ ಉಳಿದಿರಲಿ ಎಂದು ನನಗೆ ಗೊತ್ತಿರುವ ದೇವರನ್ನೆಲ್ಲ ಬೇಡಿಕೊಂಡೆ.

ಅವಳು ಬಟ್ಟೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಬರೀ ಸೋಪಿನ ವಾಸನೆ, ಮಮ್ಮಿ."